ಸೊಸೆಯರ ಬಾಯಲ್ಲಿ ಉಳಿದ ಯೊರುಬಾ

ನಯಾಗರ ನೋಡಿದಿರಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನೋಡಲಿಲ್ಲ. ನೋಡಲಿಲ್ಲವೆಂಬ ಬೇಸರವೂ ಇಲ್ಲ. ನೀರು ಮೇಲಿನಿಂದ ಕೆಳಗೆ ಬೀಳುವುದನ್ನು ನಾನು ಗೋಕಾಕದಲ್ಲಿಯೇ ಕಣ್ತುಂಬ ನೋಡಿದ್ದೇನೆ. ಟೊರಾಂಟೊಗೆ ಹೋದದ್ದು ಯೊರುಬಾ ಮಾತಾಡುವುದಕ್ಕೆ.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿಗೂ ಇದನ್ನೇ ಹೇಳಿದೆ. ಆತ ಪೇಟ ಸುತ್ತಿದ ಪಂಜಾಬಿ ಯುವಕ. ನನ್ನ ಇಳಕಲ್ ಸೀರೆ ನೋಡಿದ, ಪಾಸ್‌ಪೋರ್ಟಿನಲ್ಲಿ ಧಾರವಾಡ ಎಂದಿರುವುದನ್ನು ನೋಡಿದ, ಮತ್ತೆ ಸೀರೆ ನೋಡಿದ. "ಯೊರುಬಾ ನೈಜೀರಿಯಾದ ಭಾಷೆಯಲ್ಲವೇ ಮ್ಯಾಮ್?" ಎಂದ. "ಹೌದು. ಪಕ್ಕದ ಬೆನಿನ್ ದೇಶದಲ್ಲೂ ಇದೆ. ಅದಕ್ಕೆ ಅಕ್ಕತಂಗಿಯರೂ ಇದ್ದಾರೆ, ಇಗಾಲಾ, ಇತ್ಸೆಕಿರಿ. ಅವರ ವಿಷಯವನ್ನೂ ಹೇಳಲೇ?" ಎಂದೆ. ನನ್ನ ಹಿಂದೆ ಸಾಲು ಬೆಳೆದಿತ್ತು. ಬೇಡವೆಂದು ಕೈಯಾಡಿಸಿ ಒಳಗೆ ಬಿಟ್ಟ.

ನನ್ನ ಸೋದರಮಾವ ನೈಜೀರಿಯಾದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಆ ಕಾಲಕ್ಕೆ ನಮ್ಮ ದೇಶದಿಂದ ಬಹಳ ಜನ ಹಾಗೆ ಹೋಗುತ್ತಿದ್ದರು. ಬಿ.ಎ. ಮುಗಿಸಿ ರಜೆಗೆಂದು ಅವರ ಮನೆಗೆ ಹೋದವಳು, ಇಬಾದಾನ್ ನಗರದ ಆಚೆಯ ಆ ಸಣ್ಣ ಊರಿನಲ್ಲಿ ನೆರೆಮನೆಯ ಹೆಂಗಸರ ಜೊತೆ ಶೇಂಗಾ ಸುಲಿಯುತ್ತ ಕೂತೆ. ಅವರ ಮಾತು ಕಿವಿಗೆ ಬಿದ್ದದ್ದೇ ಆಯಿತು, ಮಾವ ಎಷ್ಟು ಗದರಿದರೂ ನಾನು ಊರಿಗೆ ಮರಳಲಿಲ್ಲ. ಅಲ್ಲಿಯೇ ಎಂ.ಎ., ಅಲ್ಲಿಯೇ ಪಿಎಚ್.ಡಿ. ಆಮೇಲೆ ಭಾರತಕ್ಕೆ ಬಂದು ಒಂದು ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗದಲ್ಲಿ ನಿವೃತ್ತಿಯವರೆಗೂ ಪಾಠ ಮಾಡಿದೆ. ಹಿಂದಿಯ ಧ್ವನಿಗಳನ್ನು ಪಾಠ ಮಾಡಲು ಕೊಟ್ಟರು, ಪರೀಕ್ಷೆಯ ಮೇಲ್ವಿಚಾರಣೆ ಕೊಟ್ಟರು, ಹಾಸ್ಟೆಲ್ಲಿನ ಹುಡುಗಿಯರನ್ನು ಕಾಯುವ ಕೆಲಸ ಕೊಟ್ಟರು. ಯೊರುಬಾ ಮಾತ್ರ ಕೊಡಲಿಲ್ಲ. "ಯಾರಿಗೆ ಬೇಕು ಮೇಡಂ ಅದು?" ಎಂದು ಒಬ್ಬರ ನಂತರ ಒಬ್ಬರು ಮುಖ್ಯಸ್ಥರು ಕೇಳಿದರು. ನನಗೆ ಬೇಕು ಎಂದೆ. ರಜೆ ಸಿಕ್ಕಾಗಲೆಲ್ಲ ಹೋಗಿ ಬಂದೆ, ಅಲ್ಲಿಯ ಹೆಂಗಸರ ಮಾತು, ಹಾಡುಗಳನ್ನು ಟೇಪಿಗೆ ಹಿಡಿದೆ. ಯೊರುಬಾದ ಬಗ್ಗೆ ಬರೆದೆ, ಅದರ ಅಕ್ಕತಂಗಿಯರ ಬಗ್ಗೆ ಬರೆದೆ. ಓದಿದವರು ಕೆಲವರೇ ಇರಬಹುದು. ಇರಲಿ, ನಾನೇನು ಕಾದಂಬರಿ ಬರೆದಿರಲಿಲ್ಲ.

ಬ್ರ್ಯಾಂಪ್ಟನ್

ಇಳಿದುಕೊಂಡದ್ದು ಚಿಕ್ಕಮ್ಮನ ಮಗಳು ಸರೋಜಾಳ ಮನೆಯಲ್ಲಿ. ಹುಬ್ಬಳ್ಳಿಯವಳು, ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್ನಿಗೆ ಬಂದು ಬಹಳ ವರ್ಷವಾಯಿತು. ಅವಳ ಗಂಡ ಬಸವರಾಜ ಒಂದು ವೇರ್‌ಹೌಸಿನಲ್ಲಿ ಮ್ಯಾನೇಜರ್. ನನಗೆ ಬೇಸ್‌ಮೆಂಟಿನ ಕೋಣೆ ಕೊಟ್ಟಿದ್ದರು. ನೆಲದ ಮಟ್ಟಕ್ಕಿದ್ದ ಕಿಟಕಿಯಿಂದ ಹೊರಗೆ ಓಡಾಡುವವರ ಬೂಟುಗಳು ಮಾತ್ರ ಕಾಣುತ್ತಿದ್ದವು. ಎರಡೇ ದಿನದಲ್ಲಿ ಬೂಟು ನೋಡಿ ಜನರನ್ನು ಗುರುತಿಸಲು ಕಲಿತೆ.

"ಅಕ್ಕಾ, ಸಂಜೀಕ ನಮ್ಮ ಕನ್ನಡದ ಮಂದಿ ನಿನ್ನ ನೋಡಾಕ ಬರ್ತಾರ," ಎಂದಳು ಸರೋಜಾ. "ಕನ್ನಡದ ಬಗ್ಗೆ ಏನರ ನಾಕ್ ಮಾತ ಹೇಳು. ಎಷ್ಟ ಹಳೇದು, ಎಷ್ಟ ಗ್ರೇಟ್ ಅಂತ."

"ಅದರ ಬಗ್ಗೆ ಹೇಳಾವ್ರು ಬೇರೆ ಮಂದಿ ಅದಾರ. ನಾ ಯೊರುಬಾ ಹೇಳ್ತೀನಿ."

"ನಿನಗ ಒಂಚೂರೂ ಫ್ಲೆಕ್ಸಿಬಿಲಿಟಿ ಇಲ್ಲ ನೋಡು," ಎಂದು ಅವಳು ಹಣೆ ಬಡಿದುಕೊಂಡಳು. ಅವಳ ಮಗಳು ನೇಹಾ ಫೋನಿನಿಂದ ತಲೆಯೆತ್ತಿ, "ಲೀವ್ ಹರ್ ಅಲೋನ್ ಮಮ್ಮೀ, ದಟ್ಸ್ ಸೋ ಕೂಲ್," ಎಂದಳು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಬೆಂಬಲ.

ಬಂದವರಲ್ಲಿ ಉಡುಪಿ ಕಡೆಯ ಶೆಟ್ಟರೊಬ್ಬರಿದ್ದರು. ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟರು. "ಅಲ್ಲ ಮಾರಾಯ್ರೆ, ನಮ್ಮ ತುಳುವನ್ನು ಬಿಟ್ಟು ನೀವು ಅಷ್ಟು ದೂರದ ಭಾಷೆ ಹಿಡ್ಕೊಂಡದ್ದು ಎಂತಕ್ಕೆ? ತುಳುವಿಗೆ ಜನ ಇಲ್ಲ ಅಂತ ನಾವಿಲ್ಲಿ ಬೊಬ್ಬೆ ಹಾಕ್ತಾ ಉಂಟು."

"ತುಳುವಿಗೆ ನೀವಿದ್ದೀರಲ್ಲ," ಎಂದೆ. "ನಿಮ್ಮ ಮಕ್ಕಳು ಮಾತಾಡುತ್ತಾರಾ?"

ಶೆಟ್ಟರು ಚಕ್ಕುಲಿಯ ಕಡೆಗೆ ಕೈಚಾಚಿದರು. ಒಳ್ಳೆಯ ಮನುಷ್ಯ, ಸುಮ್ಮನೆ ಕೇಳಿದ್ದು. ಆದರೆ ಈ 'ಎಂತಕ್ಕೆ' ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ನಾನು ಫ್ರೆಂಚ್ ಕಲಿತಿದ್ದರೆ ಯಾರೂ ಹೀಗೆ ಕೇಳುತ್ತಿರಲಿಲ್ಲ. ಜರ್ಮನ್ ಕಲಿತಿದ್ದರೆ ಊರಿನಲ್ಲಿ ಹಾರ ಹಾಕಿ ಸನ್ಮಾನ ಮಾಡುತ್ತಿದ್ದರು. ಆಫ್ರಿಕಾದ ಭಾಷೆ ಎಂದ ಕೂಡಲೇ ಎಲ್ಲರಿಗೂ ಕಾರಣ ಬೇಕು. ನಾನು ಕಾರಣ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಪೇಟೆಯ ಸಭೆ

ಟೊರಾಂಟೊ ಪೇಟೆಯಲ್ಲಿ ಯೊರುಬಾ ಬಗ್ಗೆ ಒಂದು ವಿಚಾರಸಂಕಿರಣವಿತ್ತು, ನನ್ನ ಪ್ರಬಂಧವೂ ಇತ್ತು. ಹೋಗಿ ನೋಡಿದರೆ ನನ್ನನ್ನು 'ಹೊರಗಿನ ಕಣ್ಣುಗಳು' ಎಂಬ ಗೋಷ್ಠಿಗೆ ಹಾಕಿದ್ದರು. ನನ್ನ ಪಕ್ಕ ಫಿನ್‌ಲೆಂಡಿನವನೊಬ್ಬ, ಜಪಾನಿನವಳೊಬ್ಬಳು. ಆಡುವ ಮಕ್ಕಳನ್ನು ಬೇಲಿಯ ಆಚೆಯಿಂದ ನೋಡಲು ಬಿಟ್ಟ ಹಾಗೆ ನಾವು ಮೂವರೂ ಕೂತೆವು. ನಾನು ಎದ್ದು ನಿಂತು, "ಕಣ್ಣಿಗೂ ಭಾಷೆಗೂ ಸಂಬಂಧವಿಲ್ಲ, ನಾನು ಕಿವಿಯಿಂದ ಕಲಿತವಳು," ಎಂದು ಹೇಳಿಯೇ ಪ್ರಬಂಧ ಓದಿದೆ.

ಓದಿ ಮುಗಿಸಿದಾಗ ಒಬ್ಬ ಪ್ರಾಧ್ಯಾಪಕಿ ಎದ್ದಳು. ಅವಳ ತಂದೆ ಲಾಗೋಸಿನಿಂದ ಬಂದವರಂತೆ. "ನಿಮ್ಮ ಟೇಪುಗಳಲ್ಲಿರುವುದು ನಮ್ಮ ಅಜ್ಜಿಯರ ಧ್ವನಿ. ಅದನ್ನು ಇಟ್ಟುಕೊಳ್ಳಲು ನಿಮಗೇನು ಹಕ್ಕು?" ಎಂದು ಕೇಳಿದಳು. ಪ್ರಶ್ನೆ ತಪ್ಪಲ್ಲ. ಆಫ್ರಿಕಾದಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಹೋದವರು ಕಡಿಮೆ ಜನವೇನಲ್ಲ. ಆದರೆ ಅವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದ್ದಕ್ಕೆ ನನಗೆ ನೆತ್ತಿಗೇರಿತು. ಉತ್ತರವನ್ನು ಯೊರುಬಾದಲ್ಲಿ ಕೊಟ್ಟೆ. ಅವಳು ತಡವರಿಸಿ, ಅಪ್ಪ ಮನೆಯಲ್ಲಿ ಕಲಿಸಲಿಲ್ಲ ಎಂದಳು. ಸಭೆಯಲ್ಲಿ ಯಾರೋ ನಕ್ಕರು. ಅದನ್ನು ನಾನು ಗೆಲುವೆಂದು ಎಣಿಸಲಿಲ್ಲ. ಕಲಿಸದಿದ್ದುದು ಅವಳ ತಪ್ಪಲ್ಲ, ನಕ್ಕವರ ಮೇಲೆ ಇನ್ನಷ್ಟು ಸಿಟ್ಟು ಬಂತು. ಹಕ್ಕು ಎಂಬ ಆ ಮಾತು ಎದೆಯೊಳಗೆ ಕೂತುಬಿಟ್ಟಿತು.

ಮಾಮಾನ ಮನೆ

ಶೇಂಗಾ ಸುಲಿಯುತ್ತ ನನಗೆ ಯೊರುಬಾ ಕಲಿಸಿದ ಹೆಂಗಸರಲ್ಲಿ ಎಲ್ಲರಿಗಿಂತ ಗಟ್ಟಿ ದನಿಯವರು ಅಬೆಕೆ. ನಾನು ಕರೆಯುವುದು ಮಾಮಾ ಎಂದು, ಅಲ್ಲಿ ಅದು ತಾಯಿಯನ್ನು ಕರೆಯುವ ರೀತಿ. ಎಂಬತ್ತು ದಾಟಿದ ಮಾಮಾ ಈಗ ಹಿರಿಯ ಮಗ ಸೆಗುನ್ ಅವರ ಜೊತೆ ಬ್ರ್ಯಾಂಪ್ಟನ್ನಿನಲ್ಲಿಯೇ ಇದ್ದಾರೆ, ಸರೋಜಾಳ ಮನೆಗೆ ಊರಿನ ಇನ್ನೊಂದು ತುದಿ. ಬಸವರಾಜ, "ಡ್ರಾಪ್ ಮಾಡ್ತೀನಿ ತಡೀರಿ ಅಕ್ಕಾರ," ಎಂದರೂ ಕೇಳದೆ ಬಸ್ಸಿಗೆ ಹೋದೆ. ಎದುರು ದಿಕ್ಕಿನ ಬಸ್ಸು ಹತ್ತಿದ್ದೆ. ಟ್ರಕ್ಕುಗಳು ನಿಲ್ಲುವ ಅಂಗಳವೊಂದರ ಮುಂದೆ ಇಳಿಸಿದರು. ಸುತ್ತ ಒಂದು ನರಪಿಳ್ಳೆಯಿಲ್ಲ, ಟ್ರಕ್ಕುಗಳೇ ಟ್ರಕ್ಕುಗಳು. ಬಸವರಾಜನೇ ಬಂದು ಕರೆದುಕೊಂಡು ಹೋದ, ದಾರಿಯುದ್ದಕ್ಕೂ ಮುಸಿಮುಸಿ ನಗುತ್ತ.

ಮಾಮಾನಿಗೆ ಪಾರ್ಶ್ವವಾಯು ಹೊಡೆದಿದೆ ಎಂದು ಗೊತ್ತಿತ್ತು, ಇಷ್ಟೊಂದು ಎಂದು ಗೊತ್ತಿರಲಿಲ್ಲ. ಬಾಯಿ ಒಂದು ಕಡೆ ವಾಲಿದೆ, ಬಲಗೈ ಮಡಿಲಲ್ಲಿ ಬಿದ್ದಿದೆ. ನಾನು ಅಲ್ಲಿಯ ಪದ್ಧತಿಯಂತೆ ಮೊಣಕಾಲೂರಿದೆ. ಮೊದಲ ಸಲ ಆ ಊರಿಗೆ ಹೋದಾಗ ಮಾಮಾನ ಅತ್ತೆಯ ಪಾದ ಮುಟ್ಟಲು ಬಾಗಿದ್ದೆ, ಕಾಲ ಬುಡದಲ್ಲಿ ನಾನು ಹಾವು ಕಂಡೆನೆಂದು ತಿಳಿದು ಆಕೆ ಚಂಗನೆ ಮಂಚ ಹತ್ತಿದ್ದರು. ಮಾಮಾನ ಯೊರುಬಾ ನನ್ನ ಕಿವಿಯೊಳಗೆ ಧಾರವಾಡದ ಮಾತಾಗಿಯೇ ಇಳಿಯುತ್ತದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಯಾರೂ ತಿದ್ದಲು ಬರಬೇಡಿ.

"ಮುದುಕಿ ಆದೆಲ್ಲ ನೀ," ಎಂದರು, ಒಂದೊಂದೇ ಪದ ಹೊರಗೆ ತಳ್ಳುತ್ತ.

"ನೀವೂ ಏನ್ ಹರೇದವ್ರು ಅಲ್ಲ ಬಿಡ್ರಿ."

ವಾಲಿದ ಬಾಯಿಯಲ್ಲಿಯೇ ನಕ್ಕರು. ನನಗೆ ಕಣ್ಣೀರು ಬಂತು.

ಮನೆಯಲ್ಲಿ ಸಂಭ್ರಮ. ಸೆಗುನ್ ಅವರ ಮಗ ಕುನ್ಲೆ, ಅವನ ಹೆಂಡತಿ ಜಸ್ಲೀನ್. ಬ್ರ್ಯಾಂಪ್ಟನ್ನಿನಲ್ಲಿಯೇ ಹುಟ್ಟಿ ಬೆಳೆದ ಪಂಜಾಬಿ ಹುಡುಗಿ. ನಾನು ಹೋಗುವ ಎರಡು ದಿನ ಮೊದಲು ಅವಳಿಗೆ ಗಂಡು ಮಗುವಾಗಿತ್ತು. ಯೊರುಬಾ ಜನರಲ್ಲಿ ಎಂಟನೆಯ ದಿನ ಹೆಸರಿಡುತ್ತಾರೆ. ಸೆಗುನ್ ನನಗಾಗಿ ಕಾಯುತ್ತಿದ್ದರು.

"ನಿಮ್ಮ ಬಳಿ ಅಮ್ಮನ ಧ್ವನಿ ಇದೆಯಲ್ಲ, ಅದು ನನಗೆ ಬೇಕು," ಎಂದರು.

ಅವರು ಕೇಳಿದ್ದು ಒರಿಕಿಯನ್ನು. ಯೊರುಬಾದಲ್ಲಿ ಪ್ರತಿ ಮನೆತನಕ್ಕೂ ಒಂದು ಒರಿಕಿ ಇರುತ್ತದೆ. ಹಿರಿಯರು ಎಲ್ಲಿಂದ ಬಂದರು, ಏನು ಸಾಧಿಸಿದರು, ಏನು ತಿಂದು ಹೊಟ್ಟೆ ಕೆಡಿಸಿಕೊಂಡರು ಎಂಬುದೆಲ್ಲ ಸೇರಿದ ಉದ್ದನೆಯ ಹೊಗಳಿಕೆ. ಹಾಡೂ ಅಲ್ಲ, ಮಾತೂ ಅಲ್ಲ, ನಡುವಿನದು. ಮಗುವನ್ನು ನೋಡುತ್ತ, ಅದರ ಹೆಸರು ಸೇರಿಸಿ ಕೂಗಿ ಹೇಳಬೇಕು. ನೀನು ಯಾರೆಂದು ಮಗುವಿಗೆ ತಿಳಿಸುವುದು ಹೀಗೆ. ಮಾಮಾ ಹೇಳಿದ ಒರಿಕಿಯನ್ನು ನಾನು ಹಿಂದೆ ಟೇಪಿಗೆ ಹಿಡಿದಿದ್ದೆ, ಈಗ ಅದು ನನ್ನ ಫೋನಿನಲ್ಲಿಯೂ ಇದೆ. ನಾಮಕರಣದ ದಿನ ದೊಡ್ಡ ಸ್ಪೀಕರಿನಲ್ಲಿ ಅದನ್ನು ಹಾಕಬೇಕೆಂಬುದು ಸೆಗುನ್ ಅವರ ಆಸೆ.

ಹಚ್ಚಿದೆ. ಆ ಹಳೆಯ ಅಬೆಕೆಯ ದನಿ ಕೋಣೆ ತುಂಬಿತು. ಹಿನ್ನೆಲೆಯಲ್ಲಿ ಕೋಳಿಯ ಕೊಕ್ಕೊಕ್ಕೋ, ಯಾರೋ ಕುಟ್ಟುವ ಸದ್ದು. ಸೆಗುನ್ ಕನ್ನಡಕ ತೆಗೆದು ಬಿಕ್ಕಿ ಬಿಕ್ಕಿ ಅತ್ತರು. ಮಾಮಾ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿದರು.

"ಮೊ ವಾ ಲಾಯೆ," ಎಂದರು. ನಾ ಇನ್ನೂ ಬದುಕೀನಿ. "ಸತ್ತಾಕಿ ದನಿ ಹಾಕಿದಂಗ ಹಾಕ್ತೀರಲ್ಲ. ಆ ಪೆಟ್ಟಿಗಿಗೆ ಕೂಸಿನ ಹೆಸರು ಗೊತ್ತೈತೇನು? ಬಂದ್ ಮಾಡು."

ನಿಲ್ಲಿಸಿದೆ. "ಹಂಗಾರ ಯಾರ ಹೇಳಬೇಕ್ರಿ ಮಾಮಾ?"

ಮಾಮಾ ಎಡಗೈ ಎತ್ತಿ ಮೇಲಿನ ಮಹಡಿ ತೋರಿಸಿದರು. ಎಡಗೈಯಲ್ಲಿ ತೋರಿಸುವುದು ಅವರಲ್ಲೂ ನಮ್ಮಲ್ಲಿಯಂತೆಯೇ ಅಮರ್ಯಾದೆ. ಉಳಿದಿರುವುದು ಅದೊಂದೇ ಆದ್ದರಿಂದ ಮಾಮಾ ಯಾರ ಮುಲಾಜಿಗೂ ಬೀಳದೆ ಅದನ್ನೇ ಎತ್ತುತ್ತಿದ್ದರು. "ಮನಿ ಸೊಸಿ ಅದಾಳಲ್ಲ," ಎಂದರು.

ಸೆಗುನ್ ಒಪ್ಪಲಿಲ್ಲ. ಅವರ ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮನೆಯಲ್ಲಿ ಬೇರೆ ಸೊಸೆಯಿಲ್ಲ, ನಿಜ. ಆದರೆ ಜಸ್ಲೀನ್‌ಗೆ ಯೊರುಬಾದಲ್ಲಿ ಊಟ ಆಯಿತಾ ಎಂದು ಕೇಳುವುದಕ್ಕೆ ಮಾತ್ರ ಬರುತ್ತದೆ. "ನಮ್ಮ ಊರಿನ ಹಿರಿಯರೆಲ್ಲ ಬರುತ್ತಾರೆ. ಅವಳು ತಪ್ಪಿದರೆ ನಗುತ್ತಾರೆ. ಅಮ್ಮನ ಕಣ್ಣೆದುರಿಗೆ ಅವರ ಒರಿಕಿ ನಗೆಪಾಟಲಾಗುವುದು ನನಗೆ ಬೇಡ. ಎಷ್ಟೆಂದರೂ ಅವಳು ಹೊರಗಿನವಳು."

ಆ ಕೊನೆಯ ಮಾತು ಕೇಳಿ ನನ್ನ ತಲೆ ಧಿಮ್ಮೆಂದಿತು. ಆ ಊರಿನ ಮನೆಯಲ್ಲಿ ಒರಿಕಿ ಹೇಳುತ್ತಿದ್ದವರು ಯಾರು? ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರು ಸೇರುತ್ತಿದ್ದರು. ಗಂಡುಮಕ್ಕಳು ಕೇಳಿ ಎದೆಯುಬ್ಬಿಸುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ. ಹೇಳುತ್ತಿದ್ದವರೆಲ್ಲ ಸೊಸೆಯರು, ಒಬ್ಬೊಬ್ಬರು ಒಂದೊಂದು ಊರಿನಿಂದ ಬಂದವರು. ಮಾಮಾ ಕೂಡ ದೂರದ ಊರಿನವರು, ಅವರ ಯೊರುಬಾವೇ ಬೇರೆ ಬಗೆಯದು. ಹಿರಿಯ ಸೊಸೆಯ ಬೆನ್ನ ಹಿಂದೆ ನಿಂತು, ಸಾಲಿನ ತುದಿಗಳನ್ನು ಹಿಡಿದು ಹಿಡಿದು ಕಲಿತದ್ದು. ನನ್ನ ಟೇಪುಗಳಲ್ಲಿ ಆ ಮನೆಯಲ್ಲಿಯೇ ಹುಟ್ಟಿದ ಹೆಂಗಸಿನ ದನಿ ಒಂದೂ ಇಲ್ಲ. ನಮ್ಮ ಕಡೆಯೂ ಅಷ್ಟೇ ಅಲ್ಲವೇ? ಮದುವೆ ಚಪ್ಪರದಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವವಳು ನಿನ್ನೆ ಮೊನ್ನೆ ಹೊಸಿಲು ದಾಟಿದವಳು. ಮನೆದೇವರ ಹಾಡುಗಳನ್ನು ಉಳಿಸಿಕೊಂಡು ಬಂದವರೂ ಬೇರೆ ಮನೆಯಿಂದ ಬಂದವರೇ. ಪೇಟೆಯ ಸಭೆಯಲ್ಲಿ ಹಕ್ಕಿನ ಮಾತು ಬಂದಾಗ ಇದು ನನಗೆ ಹೊಳೆದಿದ್ದರೆ!

"ಈ ರೆಕಾರ್ಡಿಂಗು ನಾನು ಕೊಡುವುದಿಲ್ಲ," ಎಂದೆ.

"ಅದು ನನ್ನ ತಾಯಿಯ ಧ್ವನಿ," ಎಂದರು ಸೆಗುನ್.

"ತಾಯಿ ಇಲ್ಲೇ ಕೂತಿದ್ದಾರೆ, ಬೇಡ ಎಂದಿದ್ದಾರೆ. ನಾನು ಆ ಹುಡುಗಿಗೆ ಕಲಿಸುತ್ತೇನೆ."

ಸೆಗುನ್ ಬಹಳ ಸಭ್ಯ ಮನುಷ್ಯ, ದನಿ ಏರಿಸಲಿಲ್ಲ. "ಕಲಿಸಿ. ಆದರೆ ಅವಳು ನಡುವೆ ತಡವರಿಸಿದರೆ ನಾನೇ ಎದ್ದು ನಿಲ್ಲಿಸುತ್ತೇನೆ. ಅಮ್ಮನಿಗೆ ಇನ್ನೊಂದು ನಾಮಕರಣ ನೋಡುವ ಭಾಗ್ಯ ಇರುತ್ತದೋ ಇಲ್ಲವೋ. ಅದು ಕೆಟ್ಟರೆ ನಿಮ್ಮಿಂದ ಕೆಟ್ಟಿತೆಂದು ತಿಳಿಯುತ್ತೇನೆ."

ಮಹಡಿಯ ಕೋಣೆ

ಜಸ್ಲೀನ್‌ಳ ತಾಯಿ ಮಗಳಿಗೆ ಪಂಜೀರಿ ತಿನ್ನಿಸುತ್ತಿದ್ದರು. ಗೋಧಿ ಹಿಟ್ಟು, ತುಪ್ಪ, ಬಾದಾಮಿ ಹುರಿದು ಮಾಡಿದ ಉಂಡೆಯಾಗದ ಉಂಡೆ, ನಮ್ಮ ಬಾಣಂತಿಯರ ಅಂಟಿನುಂಡೆಯ ಹತ್ತಿರದ ಸಂಬಂಧಿ. ನನಗೂ ಒಂದು ಬಟ್ಟಲು ಬಂತು. ಕೆಳಗಿನ ಜಗಳ ಮೇಲಕ್ಕೆ ಕೇಳಿಸಿತ್ತೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಆಂಟೀ, ನನಗೆ ಕಲೀಬೇಕು," ಎಂದಳು ಜಸ್ಲೀನ್ ಹಿಂದಿ ಇಂಗ್ಲಿಷು ಬೆರೆಸಿ. "ಸರ್‌ನೇಮ್ ಅವರದು. ಹೆಸರು ಕುನ್ಲೆ ಡ್ಯಾಡಿ ಇಡ್ತಾರೆ. ಅವನನ್ನ ಕೂಗಿ ಕರಿಯೋದಾದ್ರೂ ನಾನೇ ಆಗ್ಬೇಕು. ಇಲ್ಲಾಂದ್ರೆ ಆ ಹಾಲ್‌ನಲ್ಲಿ ನಾನು ಯಾರು? ಬೇಬಿ ಹಿಡ್ಕೊಂಡು ಕೂತೋಳು, ಅಷ್ಟೇ."

ಅವಳು ಒಂದು ಟ್ರಕ್ ಕಂಪನಿಯಲ್ಲಿ ಡಿಸ್ಪ್ಯಾಚರ್. ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ದಿನವಿಡೀ ಚಾಲಕರಿಗೆ ಫೋನಿನಲ್ಲಿ ಕೂಗಿ ಹೇಳುವ ಕೆಲಸ, ಗಂಟಲು ಗಟ್ಟಿಯಿತ್ತು. ಇನ್ನೊಂದು ಅನುಕೂಲವೂ ಇತ್ತು. ಯೊರುಬಾದಲ್ಲಿ ದನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ, ಪಂಜಾಬಿಯಲ್ಲೂ ಅಂಥದ್ದು ಸ್ವಲ್ಪ ಇದೆ. ಕನ್ನಡದ ಕಿವಿಯ ನನಗೆ ವರ್ಷ ಹಿಡಿದದ್ದು ಅವಳಿಗೆ ಒಂದೇ ಬೆಳಗಿನಲ್ಲಿ ಹಿಡಿತಕ್ಕೆ ಬಂತು. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಕುನ್ಲೆ ಮಾಮಾನನ್ನು ಎತ್ತಿಕೊಂಡು ಬಂದು ಮೇಲೆ ಕುರ್ಚಿಯಲ್ಲಿ ಕೂರಿಸುತ್ತಿದ್ದ. ಜಸ್ಲೀನ್ ಫೋನಿನಲ್ಲಿ ಬರೆದುಕೊಳ್ಳಲು ಹೋದರೆ ಮಾಮಾ ಎಡಗೈಯಿಂದ ಅದನ್ನು ಹಾಸಿಗೆಗೆ ತಳ್ಳಿದರು. ಕಲಿಯುವುದು ಹಳೆಯ ರೀತಿಯಲ್ಲಿಯೇ ಆಗಬೇಕಿತ್ತು. ನಾನು ಮುಂದೆ ನಿಂತು ಹೇಳುತ್ತಿದ್ದೆ. ಜಸ್ಲೀನ್ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಿಂದಿನಿಂದ ಸಾಲಿನ ತುದಿ ಹಿಡಿಯುತ್ತಿದ್ದಳು. ಮಾಮಾ ಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತಿದ್ದರು. ತಪ್ಪಿದರೆ ತಾಳ ನಿಲ್ಲುತ್ತಿತ್ತು, ಬೈಗುಳಕ್ಕಿಂತ ಅದು ಹೆಚ್ಚು. ಒರಿಕಿಯ ಮೊದಲ ಭಾಗ ಕನ್ನಡದಲ್ಲಿ ಹೆಚ್ಚುಕಡಿಮೆ ಹೀಗೆ:

ಕೆಂಪು ದಿಬ್ಬ ಹತ್ತಿ ಬಂದವರ ಮಗುವೇ,
ಉಂಡವರ ಹೆಸರು ಕೇಳದೆ ಬಡಿಸಿದವರ ಮಗುವೇ,
ಮಳೆಗೆ ಹೆದರದವನೇ, ಹೆಂಡತಿಗೆ ಹೆದರಿದವನೇ,
ಅಗಲ ಬೆನ್ನಿನ ಅಜ್ಜನ ಮೊಮ್ಮಗನೇ, ಏಳು, ಕೇಳು.

ಹೆಂಡತಿಗೆ ಹೆದರಿದ ಸಾಲನ್ನು ಯಾವಳೋ ಹಿಂದಿನ ಸೊಸೆ ಸೇರಿಸಿದ್ದಿರಬೇಕು. ಹಾಗೆ ಸೇರಿಸುವ ಸ್ವಾತಂತ್ರ್ಯ ಸೊಸೆಯರಿಗಿದೆ.

ಒಂದು ಮಧ್ಯಾಹ್ನ ಮಗು ಹಾಲು ಕುಡಿಯದೆ ಅರಚಿತು, ಮುತ್ತಾತನ ಹೆಸರಿನ ಸಾಲು ಮತ್ತೆ ಮತ್ತೆ ತಪ್ಪಿತು. ಜಸ್ಲೀನ್ ಅತ್ತೇಬಿಟ್ಟಳು. "ಬಿಡಿ ಆಂಟೀ, ಸ್ಪೀಕರ್ ಹಾಕ್ಲಿ. ಡ್ಯಾಡಿ ಹೇಳಿದ್ದು ಸರಿ, ಇದು ನನ್ನದಲ್ಲ."

"ನನ್ನದೂ ಅಲ್ಲ," ಎಂದೆ. "ಆ ಮುದುಕಿಯದೂ ಅಲ್ಲ, ಅವರೂ ಎರವಲು ತಂದವರೇ. ನಿನ್ನದಲ್ಲ ಎಂದವರಿಗೆ ಹೆದರಿದ್ದರೆ ನಾನು ಶೇಂಗಾ ಸುಲಿದು ಊರಿಗೆ ಬರಬೇಕಿತ್ತು. ಮುಖ ತೊಳಿ."

ಇನ್ನೂ ಮೃದುವಾಗಿ ಹೇಳಬಹುದಿತ್ತೇನೋ. ಅವಳು ಮುಖ ತೊಳೆದು ಬಂದಳು.

ಜೆರಾರ್ಡ್ ಬೀದಿ

ನಾಮಕರಣಕ್ಕೆ ಮನೆಯವರೆಲ್ಲ ಒಂದೇ ಬಟ್ಟೆ ಉಡುವುದು ಯೊರುಬಾ ಪದ್ಧತಿ. ನನ್ನ ಮೇಲೆ ಸಿಟ್ಟಿದ್ದರೂ ಸೆಗುನ್ ನನಗೂ ನೀಲಿ ಲೇಸಿನ ಬಟ್ಟೆ ಕಳಿಸಿದರು. ಜಗಳದ ಪಾಡಿಗೆ ಜಗಳ, ಮರ್ಯಾದೆಯ ಪಾಡಿಗೆ ಮರ್ಯಾದೆ. ಅದನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಕೂತಿದ್ದೆ.

ಕುಪ್ಪಸ ಹೊಲಿಸಲು ಸರೋಜಾ ನನ್ನನ್ನು ಜೆರಾರ್ಡ್ ಬೀದಿಯ ಇಂಡಿಯಾ ಬಜಾರಿಗೆ ಕರೆದುಕೊಂಡು ಹೋದಳು. "ಈ ಲೇಸ್ ಸೀರಿ ಹಂಗ ಉಡ್ತಿ? ನೆರಿಗಿ ಸಾಲಂಗಿಲ್ಲ ಅಕ್ಕಾ."

"ಎರಡ ನೆರಿಗಿ ಕಡಿಮಿ ಹಾಕ್ತೀನಿ."

"ಮಂದಿ ನಗತಾರ."

"ನಗಲಿ. ನಗಾಕರ ಮಂದಿ ಬರ್ತಾರಲ್ಲ."

ಲಾಹೋರ್ ಕಡೆಯ ದರ್ಜಿ ಬಟ್ಟೆಯನ್ನು ಬೆಳಕಿಗೆ ಹಿಡಿದು, ಇದು ಆಫ್ರಿಕನ್ ಮಾಲು, ಇದಕ್ಕೆ ಸೀರೆಯ ಕುಪ್ಪಸ ಯಾಕೆ ಬೆಹೆನ್‌ಜೀ ಎಂದು ಕೇಳಿದ. ಅವನಿಗೂ ಕಾರಣ ಕೊಡಲಿಲ್ಲ. ವಾಪಸು ಬರುವಾಗ ಸೆಗುನ್ ಅವರ ಮನೆಯಿಂದ ಬಂದಿದ್ದ ಡಬ್ಬಿ ತೆಗೆದೆ. ಸರೋಜಾ ಸ್ಟೇರಿಂಗ್ ಹಿಡಿದೇ ಬಾಯಿ ತೆರೆದಳು. "ಅಲಸಂದಿ ವಡಿ! ಯಾರ ಮಾಡ್ಯಾರ? ನಮ್ಮ ಅವ್ವನ ಕೈರುಚಿ ಐತಿ." ಅಕಾರಾ ಎಂದೆ, ಯೊರುಬಾ ಜನರ ಬೆಳಗಿನ ತಿಂಡಿ. ಅವಳು ಅಗಿಯುವುದನ್ನು ಅರೆಕ್ಷಣ ನಿಲ್ಲಿಸಿ, ನನ್ನನ್ನು ನೋಡಿ, ಇನ್ನೊಂದು ಕೇಳಿದಳು. ಆಮೇಲೆ ಅವಳು ನನ್ನ ಭಾಷೆಯ ಬಗ್ಗೆ ಚಕಾರ ಎತ್ತಲಿಲ್ಲ. ನಾಮಕರಣಕ್ಕೆ ತಾನೂ ಬರುತ್ತೇನೆಂದಳು.

ಎಂಟನೆಯ ದಿನ

ಬೆಳಿಗ್ಗೆ ಬೇಗನೆ ಒಂದು ಸಮುದಾಯ ಭವನದ ಹಾಲ್. ನೀಲಿ ಲೇಸಿನ ಗಂಡಸರು, ನೀಲಿ ಲೇಸಿನ ಹೆಂಗಸರು, ತಲೆಯ ಮೇಲೆ ಬೆಳ್ಳಿ ಬಣ್ಣದ ದೊಡ್ಡ ರುಮಾಲುಗಳು. ಒಂದು ಮೂಲೆಯಲ್ಲಿ ಜಸ್ಲೀನ್‌ಳ ತವರಿನವರ ಪೇಟಗಳು. ನನ್ನ ಕುಂಟು ಸೀರೆ ನೋಡಿ ನಕ್ಕವರಿದ್ದರು, ಬಂದು ತಬ್ಬಿಕೊಂಡವರು ಇನ್ನೂ ಹೆಚ್ಚು. ಗೋಡೆಯ ಬದಿಗೆ ಅಲ್ಯುಮಿನಿಯಮ್ ತಟ್ಟೆಗಳಲ್ಲಿ ಅನ್ನ, ಮೀನು, ಕೋಳಿ ಬಿಸಿಯಾಗಿ ಕಾದಿದ್ದವು. ಸರೋಜಾ ಅಕಾರಾ ಎಲ್ಲಿದೆಯೆಂದು ಆಗಲೇ ಪತ್ತೆ ಹಚ್ಚಿದ್ದಳು.

ಹಿರಿಯರೊಬ್ಬರು ಮಗುವಿನ ತುಟಿಗೆ ನೀರು ಮುಟ್ಟಿಸಿದರು, ಜೇನು ಮುಟ್ಟಿಸಿದರು, ಉಪ್ಪು ಮುಟ್ಟಿಸಿದರು. ಉಪ್ಪಿಗೆ ಮಗು ಮುಖ ಹಿಂಡಿದಾಗ ಎಲ್ಲರೂ ಹೋ ಎಂದರು. ಸೆಗುನ್ ಹೆಸರು ಹೇಳಿದರು: ಅಯೊಮಿದೆ, ನನ್ನ ಸಂತೋಷ ಬಂದಿತು ಎಂದು. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು, "ರೆಕಾರ್ಡಿಂಗು ಫೋನಿನಲ್ಲಿದೆಯೇ?"

"ಇದೆ," ಎಂದೆ. "ಕೊಡುವುದಿಲ್ಲ."

ಅವರು ನಿಟ್ಟುಸಿರು ಬಿಟ್ಟು ಸೊಸೆಯ ಕಡೆ ಕೈ ತೋರಿದರು.

ಜಸ್ಲೀನ್ ಮಗುವನ್ನು ಎದೆಗೆ ಹಿಡಿದು ನಿಂತಳು. ಮೊದಲ ಸಾಲು ಗಂಟಲಿನಿಂದ ಹೊರಟದ್ದೇ ಹಾಲಿನ ಗುಜುಗುಜು ನಿಂತಿತು. ಕೆಂಪು ದಿಬ್ಬ ದಾಟಿದಳು, ಬಡಿಸಿದವರನ್ನು ದಾಟಿದಳು. ಹೆಂಡತಿಗೆ ಹೆದರಿದವನು ಬಂದಾಗ ಹೆಂಗಸರೆಲ್ಲ ಗೊಳ್ಳೆಂದರು. ಆ ನಗೆ ಅವಳ ಎಣಿಕೆಯಲ್ಲಿರಲಿಲ್ಲ. ಮುತ್ತಾತನ ಹೆಸರಿನ ಮುಂದೆ ಬಂದು ನಿಂತುಬಿಟ್ಟಳು. ತುಟಿ ಅಲುಗಿತು, ದನಿ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೆಗುನ್ ಕುರ್ಚಿಯಿಂದ ಎದ್ದರು.

ನಾನು ಯೋಚಿಸಲಿಲ್ಲ. ಕಾಲುಗಳೇ ನನ್ನನ್ನು ಅವಳ ಬೆನ್ನ ಹಿಂದೆ ತಂದು ನಿಲ್ಲಿಸಿದವು. ಸಾಲಿನ ತುದಿಯನ್ನು ಅವಳ ಕಿವಿಗೆ ಮಾತ್ರ ಬೀಳುವಷ್ಟು ಹೇಳಿದೆ. ಅವಳು ಹಿಡಿದಳು. ಮುತ್ತಾತನ ಹೆಸರು ಹಾಲಿನ ಗೋಡೆಗೆ ಬಡಿಯುವಂತೆ ಹೊರಟಿತು. ಮುಂದಿನ ಸಾಲು, ಅದರ ಮುಂದಿನದು. ಹಿಂದಿದ್ದ ಮುದುಕಿಯರು ಹ್ಞೂಂ ಹ್ಞೂಂ ಎಂದು ದನಿಗೂಡಿಸತೊಡಗಿದರು. ಮಾಮಾನ ಎಡಗೈ ಕುರ್ಚಿಯ ತೋಳಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಕೊನೆಯಲ್ಲಿ ನಾನು ಕಲಿಸದ ಒಂದು ಸಾಲು ಬಂತು, ತನ್ನ ಪಂಜಾಬನ್ನು ಸೇರಿಸಿ ಮುರುಕು ಯೊರುಬಾದಲ್ಲಿ ಅವಳೇ ಕಟ್ಟಿದ್ದು: ಐದು ನದಿಯ ಮಗಳು ಹೆತ್ತ ಮಗುವೇ, ಅಯೊಮಿದೆ, ಏಳು, ಕೇಳು.

ಏಳಬೇಕಾದವನು ನಿದ್ದೆ ಹೋಗಿದ್ದ.

ಸೆಗುನ್ ನಿಂತಲ್ಲೇ ನಿಂತಿದ್ದರು. ಅದು ಅವರ ಮನೆತನದ ಹೊಗಳಿಕೆ, ಅವರನ್ನೂ ಹೆಸರು ಹಿಡಿದು ಕರೆದಂತೆಯೇ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹಿಂದಿನ ಸಾಲಿನ ಮುದುಕರೊಬ್ಬರು ಯೊರುಬಾದಲ್ಲಿ ಕೂಗಿ ಕೇಳಿದರು, ಈ ಹುಡುಗಿ ಯಾರ ಪೈಕಿ ಎಂದು. ಸೆಗುನ್ ಅವರ ಕಡೆ ತಿರುಗಿ, "ನಮ್ಮ ಸೊಸೆ," ಎಂದರು. ಆಮೇಲೆ ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಹೇಳಿದರು.

ಚಪ್ಪಾಳೆ ಎದ್ದಿತು. ಜನ ಊಟದ ಕಡೆ ಕುರ್ಚಿ ಎಳೆಯುವಷ್ಟರಲ್ಲಿ ಮಾಮಾ ಕೈಯೆತ್ತಿದರು. ಎಡಗೈಯೇ. ಎಲ್ಲರೂ ನಿಂತರು.

"ನಡುವ ತಪ್ಪಿತು," ಎಂದರು ವಾಲಿದ ಬಾಯಿಯಲ್ಲಿ, ಪದಕ್ಕೆ ಪದ ಬಿಡಿಸಿ. "ಇನ್ನೊಮ್ಮಿ ಹೇಳು."

ಜಸ್ಲೀನ್ ನನ್ನ ಕಡೆ ನೋಡಲಿಲ್ಲ. ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದಳು. ನಾನು ಹೋಗಿ ಸರೋಜಾಳ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದೆ.